ಹದಿಮೂರು ಕಡ್ಡಿ ಹಿಡಿಯುವ ಬಾಯಿ

ಡಾಕ್ಟರ ನಗುವಿನ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಅವರ ಹಳೆಯ ವಿದ್ಯಾರ್ಥಿಗಳು ಕೇಳಿದರು. ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಹಲ್ಲು ನೆಟ್ಟಗೆ ಮಾಡುವ ಡಾಕ್ಟರು ತಾವೂ ಚೆನ್ನಾಗಿ ನಗುತ್ತಿದ್ದಿರಬೇಕು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ನಾನು ಆ ಮನುಷ್ಯರ ಎದುರು ನಾಲ್ಕು ವರ್ಷ ಬಾಯಿ ತೆರೆದುಕೊಂಡು ಕೂತವನು. ಅವರು ನಕ್ಕದ್ದು ನನಗೆ ನೆನಪಿಲ್ಲ. ನೆನಪಿಲ್ಲ ಎಂದ ಮಾತ್ರಕ್ಕೆ ನಕ್ಕಿರಲಿಲ್ಲ ಎಂದಲ್ಲ; ಮಾಸ್ಕಿನ ಹಿಂದೆ ಏನು ನಡೆಯುತ್ತಿತ್ತೋ ಯಾರಿಗೆ ಗೊತ್ತು. ಅಂತೂ ಆ ಎರಡು ಪುಟ ನನ್ನಿಂದ ಆಗಲಿಲ್ಲ.

ನಾನು ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ಬೇರೆಯವರು ಬರೆದಿಟ್ಟ ದಾಖಲೆಗಳನ್ನು ಅನುಮಾನಿಸುವುದು ನನ್ನ ಕೆಲಸ. ನಮ್ಮಲ್ಲಿ ತಪ್ಪು ಬರೆದರೆ ಅಳಿಸುವ ಹಾಗಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಹೊಡೆದದ್ದನ್ನೂ ಓದಲು ಬರಬೇಕು. ಅವರ ಬಗ್ಗೆ ಬರೆಯುವುದಾದರೆ ಹಾಗೆಯೇ ಬರೆಯಬೇಕು.

ಮೊದಲ ಸಲ ಅವರನ್ನು ನೋಡಿದ್ದು ಮೇ ತಿಂಗಳಲ್ಲಿ. ಆ ಸೆಕೆಯಲ್ಲೂ ಅವರ ಕೊರಳಿಗೆ ಬೂದು ಬಣ್ಣದ ಮಫ್ಲರ್ ಇತ್ತು, ನನಗದು ವಿಚಿತ್ರವೆನಿಸಿತು. ಇಲ್ಲ, ಇದು ತಪ್ಪು. ಮಫ್ಲರನ್ನು ಅವರು ವರ್ಷವಿಡೀ ಸುತ್ತಿಕೊಳ್ಳುತ್ತಿದ್ದರು. ವಿಚಿತ್ರವೆನಿಸಿದ್ದು ಆಮೇಲೆ ಯಾವುದೋ ಬೇಸಿಗೆಯಲ್ಲಿ. ನೆನಪು ಅದನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಮೊದಲ ದಿನಕ್ಕೆ ಅಂಟಿಸಿದೆ. ಮೊದಲ ಭೇಟಿ ಡಿಸೆಂಬರಿನಲ್ಲೂ ಆಗಿರಬಹುದು.

ಜಾಗದ ಬಗ್ಗೆ ಅನುಮಾನವಿಲ್ಲ. ತಾರ್ನಾಕದಲ್ಲಿ, ವಿಶ್ವವಿದ್ಯಾಲಯದ ಹುಡುಗರು ನೋಟ್ಸ್ ಹಿಡಿದು ಸಾಲು ನಿಲ್ಲುತ್ತಿದ್ದ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಬೆಂಚಿನ ತುಂಬ ಸಾಫ್ಟ್‌ವೇರ್ ಮಕ್ಕಳು. ಆಗ ಈ ತೆಲುಗು ಊರಲ್ಲಿ ದಿನಕ್ಕೊಂದು ಕಂಪನಿ ತೆರೆಯುತ್ತಿತ್ತು. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಹುಡುಗ ಹುಡುಗಿಯರಿಗೆ ಮೊದಲ ಸಂಬಳ ಕೈಗೆ ಬಂದೊಡನೆ ಹಲ್ಲಿನ ಸಂದು ಕಾಣಲು ಶುರುವಾಗುತ್ತಿತ್ತು. ಅವರ ನಡುವೆ ನಲವತ್ತೊಂದು ವರ್ಷದ, ಎಡಗೆನ್ನೆ ಒಳಕ್ಕೆ ಹೋದ ನಾನು.

"ಅಂಕಲ್, ನಿಮಗೂ ಕ್ಲಿಪ್ಪಾ?" ಎಂದು ಮೈಸೂರಿನ ಹುಡುಗಿಯೊಬ್ಬಳು ಕೇಳಿದಳು.

"ಹೌದಮ್ಮ. ಇನ್ನೊಂದು ಮದುವಿ ಆಗೂದೈತಿ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನನ್ನ ಕುತ್ತಿಗೆಯ ಗಾಯದ ಗುರುತು ನೋಡಿ ಕೈ ಇಳಿಸಿದಳು.

ಹನ್ನೆರಡು ವರ್ಷ ಗುಟ್ಕಾವನ್ನು ಅದೇ ಕೆನ್ನೆಯಲ್ಲಿ ಇಟ್ಟುಕೊಂಡಿದ್ದೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆನ್ನೆಯ ಒಳಪದರವನ್ನೂ ಕೆಳದವಡೆಯ ಒಂದು ಅಂಚನ್ನೂ ತೆಗೆದು, ಮುಂಗೈಯ ಚರ್ಮ ತಂದು ಒಳಗೆ ತೇಪೆ ಹಾಕಿದರು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಬದುಕಿದೆ. ಆದರೆ ಉಳಿದ ಹಲ್ಲುಗಳು ಒಂದೊಂದೂ ತನ್ನ ಪಾಡಿಗೆ ಸರಿಯತೊಡಗಿದವು. ಬಾಯಿ ಮುಚ್ಚಿದರೆ ಬಲಗಡೆ ಎರಡೇ ಹಲ್ಲು ಒಂದನ್ನೊಂದು ಮುಟ್ಟುತ್ತಿದ್ದವು. ಎಡಗಡೆ ಮೇಲಿನ ಹಲ್ಲುಗಳು ತೇಪೆಯನ್ನೇ ಕಚ್ಚುತ್ತಿದ್ದವು. ತೇಪೆಗೆ ಸ್ಪರ್ಶವಿಲ್ಲ, ನೋಯುವುದಿಲ್ಲ. ಕನ್ನಡಿಯಲ್ಲಿ ರಕ್ತ ಕಂಡಾಗಲೇ ಕಚ್ಚಿಕೊಂಡದ್ದು ಗೊತ್ತಾಗುವುದು. ಆ ಜಾಗದಲ್ಲಿ ಮತ್ತೆ ಮತ್ತೆ ಗಾಯವಾಗುವುದು ಒಳ್ಳೆಯದಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಹಲ್ಲು ಸರಿಸಲು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ಕರೆಂಟು ಕೊಟ್ಟ ದವಡೆಯ ಮೂಳೆ ಹೆಚ್ಚು ಒತ್ತಡ ಬಿದ್ದರೆ ಸತ್ತುಹೋಗಬಹುದಂತೆ. ಕೊನೆಗೆ ಆಪರೇಷನ್ ಮಾಡಿದ ಸರ್ಜನ್ನೇ ಒಂದು ಚೀಟಿಯಲ್ಲಿ ತಾರ್ನಾಕದ ವಿಳಾಸ ಬರೆದುಕೊಟ್ಟರು.

ತಾರ್ನಾಕದ ಡಾಕ್ಟರು ಬೀದರ್ ಕಡೆಯವರು. ನಾನು ಸೇಡಂ ಕಡೆಯವನೆಂದು ತಿಳಿದ ಮೇಲೂ ಊರಿನ ಮಾತು ತೆಗೆಯಲಿಲ್ಲ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಏನ್ ತಿನ್ಬೇಕಂತೀರಿ?" ಎಂದರು.

ಡಾಕ್ಟರೊಬ್ಬರು ಕೇಳುವ ಪ್ರಶ್ನೆಯೆಂದು ನನಗೆ ಅನಿಸಲಿಲ್ಲ. "ಖಡಕ್ ರೊಟ್ಟಿ. ಶೇಂಗಾ ಹಿಂಡಿ" ಎಂದೆ.

"ಖಡಕ್ ಆಗೂದಿಲ್ಲ. ನೆನಸಿದ ರೊಟ್ಟಿ ಆಗಬಹುದು. ಅದನ್ನೂ ನಾ ಬರದು ಕೊಡೂದಿಲ್ಲ."

"ಎಂದ ಶುರು ಮಾಡ್ತೀರಿ?"

"ನಿಮ್ಮ ಬ್ಯಾನಿ ವಾಪಸ್ ಬರಂಗಿಲ್ಲಂತ ನನಗ ಅನಸ್ಬೇಕಲ್ರಿ. ಇನ್ನೂ ಅನಿಸಿಲ್ಲ."

ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಮೆಟ್ಟಿಲಿಳಿಯುವಾಗ, "ಭಾಳ ಸಂಶಯದ ಮನಷಾ ಅದಾರ ನೋಡ್ರಿ. ನಿಮಗ ಸರಿ ಜೋಡಿ" ಎಂದಳು.

ಒಂದೂವರೆ ವರ್ಷ ಅವರು ಒಂದು ತಂತಿಯನ್ನೂ ಹಾಕಲಿಲ್ಲ. ಪ್ರತಿ ತಿಂಗಳು ಕರೆಸುವುದು, ಅಳೆಯುವುದು, ಬಾಯೊಳಗಿನ ಫೋಟೋ ತೆಗೆಯುವುದು, ಕಳಿಸುವುದು. ಮೂರು ಸಲ ಅಚ್ಚು ತೆಗೆದು ಸುಣ್ಣದ ಕಲ್ಲಿನಂಥ ಬಿಳಿ ದವಡೆಗಳನ್ನು ಮಾಡಿಟ್ಟುಕೊಂಡರು. ಅವು ಹೋಗುತ್ತಿದ್ದದ್ದು ಒಳಕೋಣೆಯ ಕಬ್ಬಿಣದ ಕಪಾಟಿಗೆ. ಕಪಾಟಿಗೆ ಬೀಗ. ಇವರು ನನ್ನನ್ನು ಗುಣಪಡಿಸುತ್ತಿಲ್ಲ, ಸಂಗ್ರಹಿಸುತ್ತಿದ್ದಾರೆ ಎಂದು ನನಗೆ ಬಲವಾಗಿ ಅನಿಸತೊಡಗಿತು. ಮೊದಲು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಅಲ್ಲಿಂದ ಯಾಕೋ ಬಿಟ್ಟು ಬಂದರು ಎಂಬ ಮಾತೂ ಬೆಂಚಿನ ಮೇಲೆ ಓಡಾಡುತ್ತಿತ್ತು. ಮಫ್ಲರಿನ ಬಗ್ಗೆಯೂ ಒಂದು ಕಥೆಯಿತ್ತು: ಅವರಿಗೂ ಇದೇ ರೋಗ ಬಂದಿತ್ತು, ಗಾಯ ಮುಚ್ಚಿಕೊಳ್ಳಲು ಸುತ್ತುತ್ತಾರೆ ಎಂದು. ನಾನೊಮ್ಮೆ ನೇರವಾಗಿ ಕೇಳಿದೆ.

"ಏಸಿ ತಂಡಿ ಆಗ್ತದ್ರಿ" ಎಂದರು. ಏಸಿ ಅವತ್ತು ಕೆಟ್ಟಿತ್ತು.

ಕಪಾಟಿನ ಬಗ್ಗೆಯೂ ಕೇಳಿದೆ. ಅವರು ಕೀಲಿ ತೆಗೆದು ನನ್ನ ಕೈಗೇ ಕೊಟ್ಟರು. ಒಳಗೆ ಸಾಲು ಸಾಲು ದವಡೆಗಳು. ಮೇಲಿನ ಅರೆಗಳಲ್ಲಿ ಸಾಫ್ಟ್‌ವೇರ್ ಮಕ್ಕಳದ್ದು, ಹೆಸರು, ತಾರೀಕು. ಎಲ್ಲಕ್ಕಿಂತ ಕೆಳಗೆ ನಮ್ಮಂಥವರದು, ಹದಿನೈದೋ ಇಪ್ಪತ್ತೋ. ಇವುಗಳಿಗೆ ಹೆಸರಿರಲಿಲ್ಲ. ಬುಡದಲ್ಲಿ ಪೆನ್ಸಿಲಿನಿಂದ ಒಂದೊಂದು ಪದ: ಮುದ್ದೆ ಅನ್ನ. ಇಡ್ಲಿ. ಬಾಳೆಹಣ್ಣು ಸಾಕಂತೆ. ಮಟನ್, ಆಗಲ್ಲ. ನನ್ನದನ್ನು ಹುಡುಕುವುದು ಕಷ್ಟವಾಗಲಿಲ್ಲ. ಖಡಕ್ ರೊಟ್ಟಿ ಎಂದಿತ್ತು, ಮುಂದೆ ಪ್ರಶ್ನಾರ್ಥಕ ಚಿಹ್ನೆ.

ಇಲ್ಲಿ ನನ್ನ ಕಣ್ಣು ತುಂಬಿ ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬರಲಿಲ್ಲ. ಹೆಸರಿಲ್ಲದೆ ಇಟ್ಟರೆ ಡಾಕ್ಟರುಗಳ ಯಾವ ಸಭೆಯಲ್ಲಾದರೂ ತೋರಿಸಬಹುದಲ್ಲ ಎಂದು ಯೋಚಿಸಿದೆ. ಅದನ್ನು ಹೇಳಿಯೂ ಬಿಟ್ಟೆ.

"ತೋರಸ್ತೀನಿ. ಯಾಕ್ ತೋರಸಬಾರ್ದು? ನಿಮ್ಮ ಮಾರಿ ತೋರಸೂದಿಲ್ಲ" ಎಂದು ಬೀಗ ಹಾಕಿದರು.

ಆ ಒಂದೂವರೆ ವರ್ಷ ಅವರು ನನಗೆ ಕೊಟ್ಟ ಕೆಲಸವೆಂದರೆ ಕಡ್ಡಿ. ಐಸ್‌ಕ್ರೀಮಿನ ಕಟ್ಟಿಗೆಯ ಕಡ್ಡಿಗಳ ಒಂದು ಕಟ್ಟು, ರಬ್ಬರ್ ಬ್ಯಾಂಡ್ ಸುತ್ತಿದ್ದು. ಕರೆಂಟು ಕೊಟ್ಟ ಬಾಯಿ ದಿನದಿನಕ್ಕೆ ಬಿಗಿಯುತ್ತದೆ. ಹಾಗಾಗದಂತೆ ಮುಂದಿನ ಹಲ್ಲುಗಳ ನಡುವೆ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು, ನೋವಾಗುವ ತನಕ ಹೋಗಿ, ಇನ್ನೊಂದನ್ನು ನಡುವೆ ತೂರಿಸಬೇಕು. ದಿನಕ್ಕೆ ನಾಲ್ಕು ಸಲ. ಎಷ್ಟು ಕಡ್ಡಿ ಹಿಡಿಯಿತೆಂದು ಒಂದು ಹಾಳೆಯಲ್ಲಿ ಬರೆಯಬೇಕು, ಜೊತೆಗೆ ನೋವು, ಹುಣ್ಣು ಇದ್ದರೆ ಅದನ್ನೂ. ಹೇಗಿದ್ದೀರಿ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಒಳಗೆ ಕಾಲಿಟ್ಟರೆ, "ಎಷ್ಟು ಕಡ್ಡಿ?"

ನಾನು ದಿನಕ್ಕೊಮ್ಮೆ ಮಾಡುತ್ತಿದ್ದೆ. ಕೆಲವು ವಾರ ಅದೂ ಇಲ್ಲ. ತಿಂಗಳ ಹಾಳೆಯನ್ನು ತುಂಬುತ್ತಿದ್ದದ್ದು ಪಟಾನ್‌ಚೆರುವಿನಿಂದ ಬರುವ ಬಸ್ಸಿನಲ್ಲಿ. ಇಂಥ ಕಳ್ಳತನ ನನಗೆ ಚೆನ್ನಾಗಿ ಗೊತ್ತು. ಕಾರ್ಖಾನೆಯಲ್ಲಿ ತಾಪಮಾನದ ಹಾಳೆಯನ್ನು ತಿಂಗಳ ಕೊನೆಗೆ ಕೂತು ತುಂಬಿದವರನ್ನು ನಾನೇ ಎಷ್ಟೋ ಸಲ ಹಿಡಿದಿದ್ದೇನೆ. ಒಂದೇ ಶಾಯಿ, ಅಕ್ಷರಗಳ ಒಂದೇ ಓರೆ, ಎಲ್ಲೂ ಕಲೆಯಿಲ್ಲದ ಕಾಗದ, ಅಷ್ಟರಲ್ಲೇ ಸಿಕ್ಕಿಬೀಳುತ್ತಾರೆ. ಆದ್ದರಿಂದ ನಾನು ಮೂರು ಪೆನ್ನು ಇಟ್ಟುಕೊಂಡೆ. ಹದಿನಾಲ್ಕು, ಹದಿನಾಲ್ಕು, ಹದಿಮೂರು, ಹದಿನೈದು ಎಂದು ಏರಿಳಿಸಿದೆ. ಎರಡು ಕಡೆ ತಪ್ಪು ಬರೆದು, ಒಂದು ಗೆರೆ ಎಳೆದು, ಸರಿ ಬರೆದು ಸಹಿ ಹಾಕಿದೆ. ಡಬ್ಬಿಯಿಂದ ಒಂದು ಹನಿ ಬೇಳೆ ಸಾರನ್ನೂ ಬೀಳಿಸಿದೆ. ಕೊನೆಯ ದಿನಕ್ಕೆ ಹದಿನೇಳು.

ಅವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. "ಬ್ಯಾಳಿ ಸಾರು ಇವತ್ತಿಂದs ಐತಿ" ಎಂದರು. ಆಮೇಲೆ ಬಾಯಿ ತೆರೆಸಿ ತಾವೇ ಒಂದೊಂದಾಗಿ ಕಡ್ಡಿ ಇಟ್ಟರು. ಹದಿಮೂರು. ಹದಿನಾಲ್ಕನೆಯದು ಹೋಗಲಿಲ್ಲ.

"ಕ್ವಾಲಿಟಿ ಸಾಹೇಬ್ರ," ಎಂದರು, "ಮನ್ಯಾಗ ಕಡ್ಡಿ ಇಡೂ ಪೇಶಂಟ್ ಹಾಳಿ ಮ್ಯಾಲೆ ಸಹಿ ಮಾಡೂದಿಲ್ರಿ. ಯಾರೂ ಮಾಡಿಲ್ಲ ಇಲ್ಲಿ ತನಕ. ನೀವs ಮೊದಲಿಗರು."

ಅಂದಿನಿಂದ ನನ್ನ ಹೆಸರು ಅಲ್ಲಿ ಕ್ವಾಲಿಟಿ ಸಾಹೇಬರೆಂದಾಯಿತು. ಕ್ಲಿನಿಕ್ಕಿನ ಪದ್ಮಕ್ಕ, ತೆಲುಗಿನಾಕೆ, ಅವಳೂ ಹಾಗೇ ಕರೆಯುತ್ತಿದ್ದಳು. ನನಗೆ ಅವಮಾನವಾಯಿತೇ? ಆಗಿರಬೇಕು. ಮುಂದಿನ ತಿಂಗಳಿನಿಂದ ನಿಜವಾಗಿಯೂ ಕಡ್ಡಿ ಇಟ್ಟೆ, ಸಿಟ್ಟಿನಿಂದಲೇ ಇಟ್ಟೆ. ಹದಿನಾರಕ್ಕೆ ಬಂದ ದಿನ ಅವರು ಮೊದಲ ತಂತಿ ಹಾಕಿದರು. ಮೇಲಿನ ಹಲ್ಲುಗಳಿಗೆ ಮಾತ್ರ, ಕೂದಲಿನಷ್ಟು ತೆಳು. ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಹುಡುಗನ ಹಲ್ಲು ಸರಿಯುವಷ್ಟು ದೂರ ನನ್ನದು ಸರಿಯಲು ಒಂದು ವರ್ಷ ಬೇಕಾಯಿತು. ಆದರೆ ತೇಪೆಗೆ ತಾಗುವುದು ಕಡಿಮೆಯಾಯಿತು. ಒಂದು ದಿನ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯ ತುಣುಕನ್ನು ಅಗಿದು ನುಂಗಿದೆ. ನುಂಗಿದೆ ಎಂದು ಹೆಂಡತಿ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅದು ಗಂಟಲಲ್ಲಿ ಸಿಕ್ಕಿಕೊಂಡು ನೀರು ಕುಡಿದದ್ದಿದೆ.

ಹುಣ್ಣು ಕಂಡದ್ದು ಆಮೇಲೆ.

ಮೊದಲು ನಾಲಿಗೆಗೆ ಸಿಕ್ಕಿತು. ತೇಪೆ ಮುಗಿದು ನನ್ನ ಸ್ವಂತ ಚರ್ಮ ಶುರುವಾಗುವ ಗಡಿಯಲ್ಲಿ ಒಂದು ಒರಟು. ಕನ್ನಡಿಯಲ್ಲಿ ನೋಡಿದರೆ ಅಂಚು ಎದ್ದಿತ್ತು. ಹಿಂದಿನ ಸಲವೂ ಹೀಗೇ ಶುರುವಾಗಿತ್ತು. ತೋರಿಸಬೇಕೆಂದು ಗೊತ್ತಿತ್ತು. ತೋರಿಸಿದರೆ ಮತ್ತೆ ಆಸ್ಪತ್ರೆ, ಮತ್ತೆ ಕತ್ತರಿ, ಈ ಸಲ ಅರ್ಧ ದವಡೆ. ತೋರಿಸದಿದ್ದರೆ ಒಂದು ವಾರ ಅದು ಬರೀ ಹುಣ್ಣಾಗಿ ಉಳಿಯುತ್ತದೆ. ಹೀಗೆ ಒಂದೊಂದೇ ವಾರ ತಳ್ಳಿದೆ. ಕಾರ್ಖಾನೆಗೆ ವಿದೇಶದ ಇನ್ಸ್‌ಪೆಕ್ಟರುಗಳು ಬರುತ್ತಾರೆಂದು ಪದ್ಮಕ್ಕನಿಗೆ ಫೋನು ಮಾಡಿ ಆ ತಿಂಗಳ ಭೇಟಿ ತಪ್ಪಿಸಿದೆ. ಮನೆಯಲ್ಲಿ ಖಾರ ಬಿಟ್ಟು ಹಾಲು ಅನ್ನ ಕೇಳಿದೆ.

"ಬಾಯಾಗ ಏನರ ಆಗೈತೇನ್ರೀ?" ಎಂದಳು ಹೆಂಡತಿ.

"ಪಿತ್ತ" ಎಂದೆ.

ಕೊನೆಗೆ ಹೋದದ್ದು ತಂತಿಯ ತುದಿ ಬಿಚ್ಚಿಕೊಂಡು ತುಟಿಗೆ ಚುಚ್ಚತೊಡಗಿತೆಂದು. ಹುಣ್ಣಿಗಾಗಿ ಅಲ್ಲ. ಮಧ್ಯಾಹ್ನದ ಹೊತ್ತು, ಬೆಂಚು ಖಾಲಿಯಿತ್ತು.

"ಹುಣ್ಣು?" ಎಂದರು ಗ್ಲೌಸ್ ಎಳೆದುಕೊಳ್ಳುತ್ತ.

"ಇಲ್ರಿ."

ತಂತಿಯನ್ನು ಅವರು ಮುಟ್ಟಲೇ ಇಲ್ಲ. ತೋರುಬೆರಳನ್ನು ಬಲಗೆನ್ನೆಯಿಂದ ಶುರುಮಾಡಿ, ನಾಲಿಗೆಯ ಕೆಳಗಿನಿಂದ, ಎಡಕ್ಕೆ ತಂದರು. ನಿಧಾನ, ದರ್ಜಿಯೊಬ್ಬ ಹೊಲಿಗೆಯ ಮೇಲೆ ಬೆರಳಾಡಿಸುವ ಹಾಗೆ. ಗಡಿಗೆ ಬಂದು ಬೆರಳು ನಿಂತಿತು. ತೆಗೆಯಲಿಲ್ಲ.

"ಎಂದಿನಿಂದ?"

ಬೆರಳು ಬಾಯಲ್ಲಿರುವಾಗ ಮಾತಾಡುವುದು ಹೇಗೆ? ನಾನು ಭುಜ ಹಾರಿಸಿದೆ. ಅವರು ಬೆರಳು ಹೊರತೆಗೆದರು.

"ಗೊತ್ತಾಗಲಿಲ್ರಿ" ಎಂದೆ.

"ಎಂದಿನಿಂದ ಅಂತ ಕೇಳಿದೆ."

"ಮೂರು ವಾರ."

"ಖರೆ ಹೇಳ್ರಿ."

"ಐದು."

ಅವರು ಬೈಯಲಿಲ್ಲ. ಕಟರ್ ತೆಗೆದುಕೊಂಡು ಒಂದು ವರ್ಷದ ಕೆಲಸವನ್ನು ಹತ್ತು ನಿಮಿಷದಲ್ಲಿ ಕತ್ತರಿಸಿ ಟ್ರೇಗೆ ಹಾಕಿದರು. ಸರ್ಜನ್ನಿಗೆ ಫೋನು ಮಾಡಿದರು. ಪದ್ಮಕ್ಕನಿಗೆ ಸಂಜೆಯ ಸಾಫ್ಟ್‌ವೇರ್ ಮಕ್ಕಳನ್ನೆಲ್ಲ ವಾಪಸು ಕಳಿಸಲು ಹೇಳಿ ಚಪ್ಪಲಿ ಮೆಟ್ಟಿದರು.

"ನಾನs ಹೋಗ್ತೀನ್ರಿ. ನೀವ್ಯಾಕ?" ಎಂದೆ.

"ನೀವು ಹೋಗ್ತೀರಂತ ನನಗ ನಂಬಿಕಿ ಇಲ್ಲ."

ಆಟೋ ಹಿಡಿದೆವು. ದಾರಿಯಲ್ಲಿ ಎಲ್ಲೋ ಹೊಸ ಫ್ಲೈಓವರಿನ ಕಂಬ ಎಬ್ಬಿಸುತ್ತಿದ್ದರು. ಆಟೋ ಅರ್ಧ ತಾಸು ನಿಂತಲ್ಲೇ ನಿಂತಿತು. ಮಫ್ಲರನ್ನು ಮೂಗಿಗೆ ಒತ್ತಿ ಹಿಡಿದು ಅವರು ಹೇಳಿದರು, "ತಂತಿ ತುದಿ ತಿಕ್ಕಿರಬೇಕು. ಹೋದ ಸಲ ನಾನs ಸರಿ ಕತ್ತರಸಿಲ್ಲ. ತಪ್ಪು ನಂದು."

ತಂತಿ ಚುಚ್ಚುತ್ತಿದ್ದದ್ದು ತುಟಿಗೆ. ಹುಣ್ಣಿದ್ದದ್ದು ಕೆನ್ನೆಯ ಹಿಂದೆ. ನನಗೆ ಧೈರ್ಯ ಬರಲೆಂದು ಸುಳ್ಳು ಹೇಳುತ್ತಿದ್ದಾರೆ ಅನಿಸಿತು. ಸುಳ್ಳು ಹೇಳುವಷ್ಟು ಕೆಟ್ಟದಾಗಿದೆಯೇ ಎಂದು ಬೆವರಿದೆ.

ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವರದಿ ಬರಲು ಎಂಟು ದಿನ. ಆ ಎಂಟೂ ದಿನ ಸಂಜೆ ಮನೆಗೆ ಅವರ ಫೋನು ಬರುತ್ತಿತ್ತು. ಸಮಾಧಾನಕ್ಕಲ್ಲ.

"ಸಾಹೇಬ್ರ, ಇವತ್ತು ಏನರ ಬಾಯಾಗ ಹಾಕ್ಕೊಂಡ್ರೇನು?"

"ಗುಟ್ಕಾ ಬಿಟ್ಟು ನಾಲ್ಕು ವರ್ಷ ಆತ್ರಿ."

"ಗುಟ್ಕಾ ಅಂದಿಲ್ಲ ನಾ. ಏನರ ಅಂದೆ."

ಮೂರನೆಯ ದಿನ ಹೆಂಡತಿಗೆ ಫೋನು ಕೊಡಲು ಹೇಳಿದರು. ಅವಳು ಕೇಳಿಸಿಕೊಂಡು, "ಹೂನ್ರಿ, ನೋಡ್ತೀನ್ರಿ" ಎಂದಳು. ಇಟ್ಟವಳೇ ನನ್ನ ಅಂಗಿ, ಪ್ಯಾಂಟು, ಕೊನೆಗೆ ಡಬ್ಬಿಯ ಚೀಲ ತೆಗೆದಳು. ಚೀಲದ ಒಳಮಡಿಕೆಯಲ್ಲಿ ಸಿಹಿ ಅಡಿಕೆಯ ಎರಡು ಪೊಟ್ಟಣ. ಅದರಲ್ಲಿ ತಂಬಾಕಿಲ್ಲ, ಬರೀ ಅಡಿಕೆ, ಏಲಕ್ಕಿ ವಾಸನೆ. ಹುಣ್ಣು ಕಾಣುವುದಕ್ಕೆ ಎರಡು ತಿಂಗಳ ಮೊದಲಿನಿಂದ ಪಟಾನ್‌ಚೆರುವಿನ ಬಸ್ಸಿನಲ್ಲಿ ಹಾಕಿಕೊಳ್ಳುತ್ತಿದ್ದೆ. ಹೊಸದಾಗಿ ಸಿಕ್ಕಿದ್ದ ಹಲ್ಲುಗಳಿಗೆ ಏನಾದರೂ ಅಗಿಯಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಅವಳು ಕೂಗಾಡಲಿಲ್ಲ. ಹಾಲು ಅನ್ನದ ತಟ್ಟೆಯ ಅಂಚಿಗೆ, ಉಪ್ಪಿನಕಾಯಿ ಇಡುವ ಜಾಗದಲ್ಲಿ, ಆ ಎರಡು ಪೊಟ್ಟಣ ಇಟ್ಟಳು.

"ಉಣ್ರಿ" ಎಂದಳು.

ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಬಹುದಿನ ತಿಕ್ಕಾಟದಿಂದ ಆದ ಹುಣ್ಣು. ಯಾವುದರ ತಿಕ್ಕಾಟ ಎಂದು ಕಾಗದ ಹೇಳುವುದಿಲ್ಲ. ಅದನ್ನು ಹಿಡಿದು ತಾರ್ನಾಕಕ್ಕೆ ಹೋದೆ. ಅವರು ಎರಡು ಸಲ ಓದಿ, ಸರ್ಜನ್ನಿಗೆ ಫೋನು ಮಾಡಿ ಕಾಗದದಲ್ಲಿದ್ದದ್ದನ್ನೇ ಅವರ ಬಾಯಿಂದಲೂ ಕೇಳಿಸಿಕೊಂಡು, ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ತಂತಿ ನಂದು, ಅಡಕಿ ನಿಮ್ಮದು" ಎಂದರು. "ಯಾವುದು ಅಂತ ಇಬ್ರಿಗೂ ಗೊತ್ತಾಗೂದಿಲ್ಲ. ಆರು ತಿಂಗಳು ಬಿಟ್ಟು ಮೊದಲಿಂದ ಶುರು ಮಾಡೂಣು. ಕಡ್ಡಿ ತಂದೀರೇನು?"

ಒಳ್ಳೆಯದಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮೊದಲಿನಿಂದ ಶುರುಮಾಡಿದರು. ಹಲ್ಲುಗಳು ಮತ್ತೆ ಅರ್ಧ ದಾರಿಗೆ ಬಂದಿದ್ದವು, ಆಗ ಒಂದು ಬೆಳಿಗ್ಗೆ ಪದ್ಮಕ್ಕ ಫೋನು ಮಾಡಿದಳು. ಡಾಕ್ಟರು ಹೋದರು, ಹೃದಯಾಘಾತ. ಕ್ಲಿನಿಕ್ಕಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದರಂತೆ. ಇನ್ನೊಬ್ಬರು ಚಪ್ಪಲಿ ಅಂದರು.

ಅವರ ಮನೆಗೆ ಹೋದೆ. ಹಜಾರದಲ್ಲಿ ಮಲಗಿಸಿದ್ದರು, ಕೊರಳಲ್ಲಿ ಮಫ್ಲರ್ ಇರಲಿಲ್ಲ. ನಾಚಿಕೆಯಿಲ್ಲದೆ ಹತ್ತಿರ ಹೋಗಿ ಬಗ್ಗಿ ನೋಡಿದೆ. ಗಾಯದ ಗುರುತು ಏನೂ ಇರಲಿಲ್ಲ. ಸುಕ್ಕುಬಿದ್ದ, ಸರಿಯಾಗಿ ಕ್ಷೌರವಾಗದ, ಮುದುಕರೊಬ್ಬರ ಕೊರಳು. ನನ್ನ ರೋಗ ಅವರಿಗೆ ಬಂದಿರಲಿಲ್ಲ. ಹಾಗಿದ್ದರೆ ನಮ್ಮಂಥವರ ಹದಿನೈದಿಪ್ಪತ್ತು ಬಾಯಿಗಳನ್ನು ಅವರು ಯಾಕೆ ಇಟ್ಟುಕೊಂಡಿದ್ದರು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಆ ಪುಸ್ತಕದ ಹುಡುಗರ ಬಳಿ ಇದೆ, ಸೇವಾಭಾವ ಎನ್ನುತ್ತಾರೆ. ಆ ಪದ ಡಾಕ್ಟರ ಕಿವಿಗೆ ಬಿದ್ದಿದ್ದರೆ ಹಾಳೆಯನ್ನು ಮೂಗಿಗೆ ಹಿಡಿಯುತ್ತಿದ್ದರೆಂದು ನನ್ನ ಅನುಮಾನ.

ಬಾಯಲ್ಲಿ ಅರ್ಧ ಕೆಲಸದ ತಂತಿ ಇಟ್ಟುಕೊಂಡು ಬಹಳ ದಿನ ಇರುವ ಹಾಗಿರಲಿಲ್ಲ. ಪದ್ಮಕ್ಕ ನನ್ನ ಫೈಲನ್ನು ಹುಡುಕಿಕೊಟ್ಟಳು. ಅದನ್ನು ಹಿಡಿದು ಕಳೆದ ವಾರ ಹೈಟೆಕ್ ಸಿಟಿಯ ಒಂದು ಕ್ಲಿನಿಕ್ಕಿಗೆ ಹೋದೆ. ಗಾಜಿನ ಕಟ್ಟಡ, ಐದನೆಯ ಮಹಡಿ. ಡಾಕ್ಟರ್ ಮೂವತ್ತು ದಾಟದ ಹುಡುಗ, ಉಡುಪಿ ಕಡೆಯವನು, ಮೃದು ಮಾತು. ಫೈಲನ್ನು ಗೌರವದಿಂದ ತಿರುವಿದ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದು, ಒಂದೊಂದಾಗಿ ಕೇಳುತ್ತ ಗುರುತು ಹಾಕತೊಡಗಿದ.

"ಬಾಯಿಯಲ್ಲಿ ಹುಣ್ಣು, ಗಾಯ ಎಂತಾದ್ರೂ ಉಂಟಾ ಸರ್?"

"ಇಲ್ಲ" ಎಂದೆ.

ಅವನು ಗುರುತು ಹಾಕಿದ. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡಿದ್ದೆ, ಏನೂ ಕಂಡಿರಲಿಲ್ಲ. ಆದರೆ ಐದು ವಾರದ ಹುಣ್ಣು ಇಟ್ಟುಕೊಂಡು ಇಲ್ಲ ಎಂದಾಗಲೂ ನನ್ನ ದನಿ ಹೀಗೇ ಇತ್ತು. ಅವನು ಮುಂದಿನ ಪ್ರಶ್ನೆಗೆ ಹೋಗಿದ್ದ. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಎಷ್ಟು ಆಗುತ್ತದೋ ಅಷ್ಟು ಬಾಯಿ ತೆರೆದೆ.

"ಈಗ ಬೇಡ ಸರ್" ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. "ನೀವೇ ಇಲ್ಲ ಅಂದ್ರಲ್ಲ. ನಂಬ್ತೇನೆ ನಾನು."

"ನಂಬಬ್ಯಾಡ್ರಿ" ಎಂದೆ. "ಬೆರಳು ಹಾಕಿ ನೋಡ್ರಿ."

ಅವನು ತಿರುಗಿ ನನ್ನ ಮುಖ ನೋಡಿದ. ಎದ್ದು ಗ್ಲೌಸ್ ಹಾಕಿಕೊಂಡು ಬರುವವರೆಗೆ ನಾನು ಬಾಯಿ ಮುಚ್ಚಲಿಲ್ಲ.